ಅಮ್ಮ ಹರಿದ ಡಿಸ್ಮಲ್ ದಿನ

ಪರ್ರ್... ಹಿಂದೂಪುರದ ನಮ್ಮ ಮನೆಗೆ ಬೆಳಗಾಗುತ್ತಿದ್ದುದೇ ಆ ಸದ್ದಿನಿಂದ. ಅಮ್ಮ ಗೋಡೆಯ ತೆಲುಗು ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿಯುತ್ತಿದ್ದಳು. ಹರಿದದ್ದನ್ನು ಬಿಸಾಡುತ್ತಿರಲಿಲ್ಲ, ಜೀರಿಗೆಯೋ ಕುಂಕುಮವೋ ಕಟ್ಟಿಕೊಡಲು ಬೇಕಾದೀತೆಂದು ದೇವರ ಗೂಡಿನಲ್ಲಿ ಒಟ್ಟುತ್ತಿದ್ದಳು.

ಈ ವಯಸ್ಸಿನಲ್ಲಿ ನನಗೆ ಡಿಕ್ಷನರಿಯೇ ಸಂಗಾತಿ. ಮೊನ್ನೆ ಮೋಡ ಕವಿದ ಮಧ್ಯಾಹ್ನ 'ಡಿಸ್ಮಲ್' ಎಂಬ ಪದದ ಬೆನ್ನು ಹತ್ತಿ ಹೋದೆ. ಮಂಕು, ಕಳೆಗುಂದಿದ್ದು, ಮನಸ್ಸಿಗೆ ಕಾರ್ಮೋಡ ಮುಚ್ಚಿದಂಥದ್ದು ಎಂದು ಕಾನ್ವೆಂಟಿನ ಸಿಸ್ಟರ್ ಅರ್ಥ ಹೇಳಿದ್ದರು. ಹುಟ್ಟಿದ ಕತೆ ಹೇಳಿರಲಿಲ್ಲ. ಲ್ಯಾಟಿನ್ನಿನಲ್ಲಿ 'ಡೀಸ್ ಮಾಲಿ' ಎಂದರೆ ಕೆಟ್ಟ ದಿನಗಳಂತೆ. ಯೂರೋಪಿನ ಹಳೆಯ ಪಂಚಾಂಗಗಳು ತಿಂಗಳಿಗೆ ಎರಡು ದಿನ ಹೀಗೆ ಗುರುತು ಹಾಕಿ, ಅಂದು ಹೊಸ ಕೆಲಸಕ್ಕೆ ಕೈಹಾಕಬಾರದು ಎನ್ನುತ್ತಿದ್ದವಂತೆ. ದಿನಕ್ಕಿದ್ದ ಹೆಸರು ಮೆಲ್ಲಗೆ ಮನಸ್ಸಿಗೆ ಇಳಿದುಬಿಟ್ಟಿದೆ. ನೋಡಿ, ಸೂಪರ್‌ಸ್ಟಿಷನ್ ಎಂದು ಅಮ್ಮನನ್ನು ಕಂಡು ನಗುವುದನ್ನು ನನಗೆ ಕಲಿಸಿದ ಇಂಗ್ಲಿಷೇ ತನ್ನ ಮಡಿಲಲ್ಲಿ ಒಂದು ಅಮಾವಾಸ್ಯೆಯನ್ನು ಬಚ್ಚಿಟ್ಟುಕೊಂಡಿತ್ತು!

ಮದುವೆಯಾಗಿ ಕಲ್ಯಾಣದುರ್ಗ ಸೇರಿದ ಮೇಲೆ, ತವರಿಗೆ ಬಂದಾಗಲೆಲ್ಲ ಈ ಕೆಟ್ಟ ದಿನಗಳು ಅಮ್ಮನ ಕಡೆಯವಾಗಿದ್ದವು. ನಾನು ಸೀರೆ ಮಡಿಸತೊಡಗಿದರೆ ಸಾಕು.

"ಮಂಗಳವಾರ ಹೆಣ್ಮಕ್ಳು ತವರು ದಾಟ್ಬಾರ್ದು ಕಣಮ್ಮ. ನಾಳೆ ನವಮಿ. ಶುಕ್ರವಾರ ಲಕ್ಷ್ಮೀನ ಯಾರಾನ ಆಚೆ ಕಳಿಸ್ತಾರಾ?"

"ಗುರುವಾರ ಏನಮ್ಮಾ ತಪ್ಪು ಮಾಡೈತೆ?"

"ಅವತ್ತು ನಿಂಗೆ ಒಬ್ಬಟ್ಟು ಮಾಡ್ತೀನಿ."

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದೇ ಒಂದು ಸಲ ಎಲ್ಲ ತಿರುವುಮುರುವಾಯಿತು. ನಾನು ತವರಿನಲ್ಲಿದ್ದೆ, ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ನನಗೆ ಇಂಟರ್‌ವ್ಯೂ ಇತ್ತು. ಹತ್ತು ವರ್ಷ ಒಲೆಯ ಮುಂದೆ ಮಸಿ ಹಿಡಿದಿದ್ದ ನನ್ನ ಇಂಗ್ಲಿಷಿಗೆ ತೆರೆದಿದ್ದ ಒಂದೇ ಬಾಗಿಲು. ಅಂಜಿಕೆಯಾಗಿ, ಅಮ್ಮ ತಡೆಯಲಿ ಎಂಬ ಆಸೆಯಿಂದಲೇ ಕೇಳಿದೆ: "ಅಮ್ಮಾ, ಇವತ್ತು ದಿನ ಎಂಗೈತೆ?"

"ಬಂಗಾರದಂಥಾ ದಿನ. ನೀನೇ ನೋಡ್ಕೋ. ಏಳು, ಬಸ್ಸು ಹೋಗ್ಬುಡ್ತದೆ."

ನೋಡಿದೆ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಬೊಟ್ಟು ಕಾಣಲಿಲ್ಲ; ತಾರೀಖು ಓದುವ ಗೊಡವೆಗೆ ಹೋಗಲಿಲ್ಲ. ಬೆಳಗಿನ ಅರೆನಿದ್ದೆಯಲ್ಲಿ ಪರ್ರ್ ಎಂಬ ಸದ್ದು ಎರಡು ಸಲ ಕೇಳಿಸಿದ್ದೂ ಆಗ ನೆನಪಿಗೆ ಬರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಬಸ್ಸಿನ ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಕಂಡಕ್ಟರ್ ನಕ್ಕ: "ಏಂದಮ್ಮಾ, ಬಸ್ಸು ಹೊಸ್ದಾಗಿ ಕೊಂಡ್ಕೊಂಡ್ಬುಟ್ಯಾ?"

"ನನ್ ಮಗ್ಳು ಕುಂತವ್ಳೆ ಕಣಪ್ಪ. ಇವತ್ತು ಇದು ನಂದೇ."

ನಾನೂ ನಕ್ಕೆ. ಅಮ್ಮ ಕಿಟಕಿಯಿಂದ ಕುಂಕುಮದ ಪೊಟ್ಟಣ ಕೊಟ್ಟಳು. ಅದನ್ನು ಬಿಚ್ಚಿದ್ದು ಸೋಮಂದೇಪಲ್ಲಿ ದಾಟಿದ ಮೇಲೆ. ಹಾಳೆಯ ಮೇಲೆ ಅಂದಿನದೇ ತಾರೀಖು, ಪಕ್ಕದಲ್ಲಿ ದುಂಡಗೆ, ಕಪ್ಪಗೆ ಅಮಾವಾಸ್ಯೆ. ಗೂಡಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಹಾಳೆ ತೆಗೆದು ಕುಂಕುಮ ಕಟ್ಟುವ ಅಭ್ಯಾಸವೇ ಅಮ್ಮನ ಗುಟ್ಟನ್ನು ಬಿಟ್ಟುಕೊಟ್ಟಿತ್ತು. ನನ್ನನ್ನು ಇರಿಸಿಕೊಳ್ಳಲು ಎಷ್ಟೋ ಒಳ್ಳೆಯ ದಿನಗಳನ್ನು ಕೆಡಿಸಿದವಳು, ನನ್ನನ್ನು ಕಳಿಸುವುದಕ್ಕಾಗಿ ತಾನು ನಿಜವಾಗಿ ಹೆದರುತ್ತಿದ್ದ ದಿನವನ್ನೇ ಹರಿದುಹಾಕಿದ್ದಳು.

ಕೆಲಸ ಸಿಕ್ಕಿತು. ನಾನು ಸಿಹಿ ಹಿಡಿದು ಹಿಂದೂಪುರಕ್ಕೆ ಹೊರಡುವ ಮೊದಲೇ ಅಮ್ಮ ಹೋಗಿಬಿಟ್ಟಿದ್ದಳು.

ಕೆಂಪು ಹಿಡಿದ ಆ ಹಾಳೆ ಈಗ ನನ್ನ ಡಿಕ್ಷನರಿಯೊಳಗೆ, 'ಡಿಸ್ಮಲ್' ಇರುವ ಪುಟದಲ್ಲಿದೆ. ಮುಟ್ಟಿದರೆ ಇಂದಿಗೂ ಬೆರಳಿಗೆ ಒಂದಿಷ್ಟು ಬಣ್ಣ ಅಂಟುತ್ತದೆ. ಆಗ ಆ ಬಸ್ಸು ಮತ್ತೆ ಕದಲುತ್ತದೆ. ನಾನು ಕಿಟಕಿಯಿಂದ ಕೈಬೀಸುತ್ತೇನೆ. ಅಮ್ಮ ನನ್ನತ್ತ ನೋಡುತ್ತಿಲ್ಲ. ಸೆರಗನ್ನು ಬಾಯಿಗೊತ್ತಿ, ಬಗ್ಗಿ, ನಿಂಬೆಹಣ್ಣು ಚಕ್ರದಡಿ ಸರಿಯಾಗಿ ಒಡೆಯಿತೇ ಎಂದು ನೋಡುತ್ತಿದ್ದಾಳೆ.