ಅವ್ವನ ಬಾಯಿಗೆ ಬಾರದ ಹೆಸರು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬೆಂಗಳೂರಿನಲ್ಲಿ ಮಿದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಮಿದುಳಿನ ಒಂದು ಭಾಗ ಮಂಕಾದರೆ, ಕೆಟ್ಟಿರುವುದು ಆ ಭಾಗವೇ? ಅಥವಾ ಬೇರೆ ಭಾಗದಿಂದ ಅದಕ್ಕೆ ಬರಬೇಕಾದದ್ದು ಬರುತ್ತಿಲ್ಲವೇ? ಎರಡಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಮಾದರಿ ಕಟ್ಟಿ, ರೋಗಿಗಳ ಸ್ಕ್ಯಾನಿಗೆ ಯಾವುದು ಹೊಂದುತ್ತದೆಂದು ನೋಡುವುದು ನನ್ನ ಕೆಲಸ. ಗದ್ದೆ ಒಣಗಿದರೆ ಮಣ್ಣು ನೋಡಬೇಕೋ ನಾಲೆ ನೋಡಬೇಕೋ, ಹಾಗೆ ಇದು ಎಂದು ನಮ್ಮೂರು ಅರಕೆರೆಯಲ್ಲಿ ಅಪ್ಪನಿಗೆ ವಿವರಿಸಿದೆ. "ಅಷ್ಟೆಲ್ಲ ಓದಿ ಕೊನೇಗೆ ಗದ್ದೆಗೆ ನೀರ್ ಬುಡೋ ನೀರ್ಗಂಟಿ ಆದ್ಯೇನವ್ವಾ!" ಎಂದು ನಕ್ಕ. ನನಗೆ ಮೈ ಉರಿಯಿತು.

ಅದೇ ವರ್ಷ ಅವ್ವನಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು. ಮಾತು ಮಾತ್ರ ಹೆಚ್ಚುಕಡಿಮೆ ನಿಂತೇ ಹೋಯಿತು. ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು! ಮತ್ತೆ ಮೊದಲಿನಂತಾಗುತ್ತಾಳೋ ಇಲ್ಲವೋ ಎಂಬುದೊಂದೇ ನಮ್ಮ ಚಿಂತೆಯಾಯಿತು.

ಮೈಸೂರಿನ ಡಾಕ್ಟರು ಲೋಟ, ಬೀಗದ ಕೈ ತೋರಿಸಿದರು. ಅವ್ವ ತಡಕಾಡಿ ಹೇಗೋ ಹೇಳಿದಳು. "ನಿಮ್ಮ ಯಜಮಾನ್ರ ಹೆಸರೇನಮ್ಮ?" ಎಂದರು. ಅವ್ವ ತುಟಿ ಬಿಗಿದು ಗೋಡೆ ನೋಡಿದಳು. ಅವರು ಮತ್ತೆ ಕೇಳಿದರು. ನನಗೆ ರೇಗಿತು. "ಸಾರ್, ಮದುವೆಯಾದಾಗಿನಿಂದ ಅವಳು ಆ ಹೆಸರು ಹೇಳೇ ಇಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಲ್ಲ!" ಪಾಪ, ಅವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ನನ್ನನ್ನು ತೋರಿಸಿ, "ಸರಿ, ಇವರ ಹೆಸರು?" ಎಂದರು.

ಅವ್ವ ನನ್ನ ಕೆನ್ನೆ ಸವರಿದಳು. ಹೆಸರು ಬರಲಿಲ್ಲ.

"ಜನರ ಹೆಸರೆಲ್ಲ ಹೋಗಿರಬಹುದು" ಎಂದರು ಡಾಕ್ಟರು. ಹೆಸರುಗಳೇ ಅಳಿಸಿಹೋದವೋ, ಅವನ್ನು ಬಾಯಿಗೆ ತರುವ ದಾರಿ ಕಡಿದುಹೋಯಿತೋ? ನನ್ನ ಕಂಪ್ಯೂಟರು ಅವ್ವನ ವಿಷಯದಲ್ಲಿ ಏನೂ ಹೇಳಲಾರದು ಎಂದು ಅಳು ಬಂತು.

ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಕೇಳಿದ: "ನನ್ನೆಸ್ರೂ ಮರ್ತ್‌ಬುಟ್ಟವ್ಳಾ?"

"ಅವಳು ಒಂದಿನಾನೂ ಕೂಗಿಲ್ವಲ್ಲಪ್ಪಾ."

"ಕೂಗ್ದಿದ್ರೇನು, ಒಳ್ಗಿತ್ತಲ್ಲವ್ವಾ" ಎಂದು ಕಿಟಕಿಯತ್ತ ತಿರುಗಿದ. ಅವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಊರಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಸಗಣಿ ಬಾಚುತ್ತಿದ್ದ. ಹಗ್ಗ ಕಿತ್ತುಕೊಂಡ ಹೋರಿ ತಲೆ ತಗ್ಗಿಸಿ ಅವನ ಬೆನ್ನಿಗೇ ನುಗ್ಗಿತು. ಬಾಗಿಲಲ್ಲಿದ್ದ ಅವ್ವ ಅದನ್ನು ಕಂಡಳು. ಯಾವಾಗಲೂ ಅಪ್ಪನನ್ನು ಅವಳು ಕರೆಯುತ್ತಿದ್ದುದು "ಇಲ್ನೋಡಿ" ಎಂದು. ಆ ಹೊತ್ತು ಅದು ಬಾಯಿಗೆ ಬರಲಿಲ್ಲ. ಬಂದದ್ದು ಅಪ್ಪನ ಹೆಸರು, ಇಡಿಯಾಗಿ, ಬೀದಿಗೆಲ್ಲ ಕೇಳುವಂತೆ.

ಅಪ್ಪ ಪಕ್ಕಕ್ಕೆ ಹಾರಿದ. ಹೋರಿ ಬೇಲಿ ದಾಟಿ ಹೋಯಿತು. ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಾಚಿಕೆಯಿಂದ ಬಾಗಿಲ ಮರೆಗೆ ಸರಿದಳು. ಅಪ್ಪ ಹೋರಿಯನ್ನು ಹಿಡಿಯಲು ಓಡಲಿಲ್ಲ. ಸಗಣಿ ಕೈಯಲ್ಲೇ ಬಂದು ಅವಳೆದುರು ನಿಂತ.

"ಇನ್ನೊಂದ್ ಕಿತ ಕೂಗಮ್ಮಿ" ಎಂದ.