ಬರ್ತೀನಿ ಅನ್ನುತ್ತಿದ್ದ ವಾಜಿದ್ ಸಾಹೇಬರು

ಕಂಪ್ಯೂಟರಿನಲ್ಲಿ ಮೇಲ್ ಬಂದ ಸದ್ದಾದರೆ ಸಾಕು, ವಾಜಿದ್ ಸಾಹೇಬರು ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಪರದೆಯ ಕಡೆ ನೋಡಿ "ಬನ್ನಿ, ಬನ್ನಿ" ಎಂದು ಹೇಳಿ ಆಮೇಲೆ ಕೂರುತ್ತಿದ್ದರು. ಮೊದಲ ಸಲ ಇದನ್ನು ನೋಡಿದಾಗ ನನ್ನ ಬೆನ್ನ ಹಿಂದೆ ಯಾರೋ ಬಂದಿರಬೇಕೆಂದು ನಾನು ತಿರುಗಿ ನೋಡಿದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಎಲ್ಲಿಯವನೋ ಒಬ್ಬ ಒಂದು ಹೆಸರಿನ ಬೆಲೆ ಕೇಳಿ ಬರೆದಿದ್ದ, ಅಷ್ಟೆ.

"ಗಿರಾಕಿ ಕಣಮ್ಮ," ಎಂದರು ಸಾಹೇಬರು. "ಕಾಣ್ಸಲ್ಲ ಅಂತ ಕಾಲ್ ಚಾಚ್ಕೊಂಡ್ ಕೂತ್ಕಳಕ್ಕಾಯ್ತದಾ?"

ತುಮಕೂರಿನ ಮಂಡಿಪೇಟೆಯ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಕಂಪ್ಯೂಟರು, ಎರಡು ಕುರ್ಚಿ, ಗೋಡೆಗೆ ಒರಗಿಸಿಟ್ಟ ಹಳೆಯ ಬೋರ್ಡುಗಳು. ಸಾಹೇಬರು ಮೊದಲು ಬೋರ್ಡ್ ಬರೆಯುತ್ತಿದ್ದವರು. ಹಿರೇಹಳ್ಳಿಯ ಫ್ಯಾಕ್ಟರಿ ಗೇಟುಗಳಿಂದ ಹಿಡಿದು ಗುಬ್ಬಿಯ ಬೇಕರಿಗಳವರೆಗೆ ಅವರ ಕೈಬರಹವಿತ್ತು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿಗೆ ಕೆಲಸವಿಲ್ಲದಂತಾಯಿತು. ಅವರು ಬ್ರಷ್ಷು ಬಿಟ್ಟರು, ಹೆಸರುಗಳ ಸಹವಾಸ ಬಿಡಲಿಲ್ಲ. ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವವರಿಗೆ ಒಂದು ವಿಳಾಸ ಬೇಕು. ಆ ವಿಳಾಸದ ಹೆಸರು ಮೊದಲು ಯಾರು ಬರೆಸಿಕೊಂಡರೋ ಅವರದ್ದು, ವರ್ಷ ವರ್ಷ ಬಾಡಿಗೆ ಕಟ್ಟುತ್ತಿದ್ದರೆ ಆಯಿತು. ಸಾಹೇಬರು ಒಳ್ಳೊಳ್ಳೆಯ ಹೆಸರುಗಳನ್ನು ಹುಡುಕಿ ಬರೆಸಿಟ್ಟುಕೊಳ್ಳುತ್ತಿದ್ದರು. ಬೇಕಾದವರು ಕೇಳಿದರೆ ಮಾರುತ್ತಿದ್ದರು.

ಗಲ್ಲಿಯವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಸಾಹೇಬರು ವೆಬ್‌ಸೈಟಿನ ಹೆಸರು ಮಾರುತ್ತಾರೆ ಎನ್ನುವುದು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ವೆಬ್ಬು ಉದುರಿಹೋಗಿ ಸೈಟು ಮಾತ್ರ ಉಳಿದಿತ್ತು. ಗೂಳೂರಿನ ಯಜಮಾನರೊಬ್ಬರು ಬಂದು, "ಮೂವತ್ತು ನಲವತ್ತು ಇದ್ರೆ ತೋರ್ಸಿ ಸಾಬ್ರೆ, ಪೂರ್ವದ ಬಾಗ್ಲು ಆಗ್ಬೇಕು" ಎಂದು ಕೇಳಿದ್ದಕ್ಕೆ ನಾನೇ ಸಾಕ್ಷಿ. ಬೇರೆಯವರಾಗಿದ್ದರೆ ನಕ್ಕು ಕಳಿಸುತ್ತಿದ್ದರು. ಇವರು ಟೀ ತರಿಸಿದರು. ತಮ್ಮ ಹತ್ತಿರ ಇರುವ ಸೈಟಿಗೆ ನೆಲ ಇಲ್ಲ, ಬೋರ್ಡು ಮಾತ್ರ ಇದೆ ಎಂದು ಸಮಾಧಾನವಾಗಿ ಹೇಳಿ, ನಿಜವಾದ ಸೈಟು ಕೊಡಿಸುವವರ ಬಾಗಿಲವರೆಗೆ ತಾವೇ ಹೋಗಿ ಬಿಟ್ಟುಬಂದರು.

ಈ ವ್ಯಾಪಾರದಲ್ಲಿ ಕೇಳಿದವರಿಗೆಲ್ಲ ಉತ್ತರ ಬರೆಯುವ ಪದ್ಧತಿ ಇಲ್ಲವಂತೆ. ಕಡಿಮೆಗೆ ಕೇಳಿದವರ ಮೇಲನ್ನು ಓದಿ ಸುಮ್ಮನಾಗುವವರೇ ಹೆಚ್ಚು. ಸಾಹೇಬರಿಗೆ ಅದು ಸೇರುತ್ತಿರಲಿಲ್ಲ. "ಬಾಗ್ಲು ತಟ್ಟಿದ್ಮೇಲೆ ಒಳಗಿಂದ ಯಾರು ಅಂತಾದ್ರೂ ಅನ್ಬೇಕು. ಸುಮ್ಕಿದ್ರೆ ಮನೇಲಿ ಜನ ಇಲ್ಲ ಅಂತ್ಲೇ ಅರ್ಥ" ಎನ್ನುತ್ತಿದ್ದರು. "ಸುಮ್ಮನೆ ಕೊಡ್ತೀರಾ?" ಎಂದು ಕೇಳಿದ ಒಬ್ಬನಿಗೂ, ಕೇಳಿದ್ದು ಸಂತೋಷ, ಸುಮ್ಮನೆ ಕೊಡಲು ಆಗುವುದಿಲ್ಲ, ನಿಮ್ಮ ಅಂಗಡಿ ಚೆನ್ನಾಗಿ ನಡೆಯಲಿ ಎಂದು ಉತ್ತರ ಹೋಯಿತು. ಒಬ್ಬರು ಹೇಳಿದ ಬೆಲೆಯನ್ನು ಇನ್ನೊಬ್ಬರಿಗೆ ಹೇಳಿ ಏರಿಸುವುದನ್ನಂತೂ ಅವರು ಕುದುರೆ ಜೂಜು ಎಂದೇ ಕರೆಯುತ್ತಿದ್ದರು.

ನಾನು ಅವರ ಬಾಗಿಲು ತಟ್ಟಿದ್ದು ಚಿಗಳಿಯ ಕಾರಣಕ್ಕೆ. ಗುಬ್ಬಿ ತಾಲ್ಲೂಕಿನ ನಿಟ್ಟೂರು ನಮ್ಮದು. ನಾನೂ ನನ್ನ ನಾದಿನಿ ಮಂಗಳಾನೂ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಮಾಡಿ, ಆ ಹೆಸರನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ಮಾರುತ್ತಿದ್ದೆವು. ದೂರದೂರಿನವರು ಕೇಳತೊಡಗಿದ ಮೇಲೆ ಅದೇ ಹೆಸರಿನ ವಿಳಾಸ ಬೇಕಾಯಿತು. ನೋಡಿದರೆ ಅದು ಆಗಲೇ ಯಾರದೋ ಪಾಲಾಗಿತ್ತು. ಆ ವಿಳಾಸ ತೆರೆದರೆ, ಬೇಕಾದವರು ಬರೆಯಿರಿ ಎಂದಿತ್ತು. ಬರೆದೆ. ಯಾವ ದೇಶದವರು ಉತ್ತರ ಕೊಡುತ್ತಾರೋ, ಕೊಡುತ್ತಾರೋ ಇಲ್ಲವೋ ಎಂದುಕೊಂಡಿದ್ದರೆ, ಸಂಜೆಯೊಳಗೆ ಮಂಡಿಪೇಟೆಯಿಂದ ಉತ್ತರ ಬಂತು. ಹೆಸರು ನನ್ನ ಹತ್ತಿರ ಇದೆ, ಯಾವುದಕ್ಕೆ ಬೇಕೆಂದು ತಿಳಿಸಿದರೆ ಸಂತೋಷ ಎಂದು ಇಂಗ್ಲಿಷಿನಲ್ಲಿ ಬರೆದು ಕೊನೆಗೆ "ಐ ವಿಲ್ ಕಮ್" ಎಂದಿತ್ತು.

"ಯಾವಾಗ್ ಬತ್ತಾರಂತೆ ಅತ್ಗೆ? ಅಡ್ಗೆ ಮಾಡ್ಬೇಕಾ?" ಎಂದಳು ಮಂಗಳಾ.

ಅವರೇನೂ ಬರಲಿಲ್ಲ, ನಾನೇ ಹೋದೆ. ಅವರು ಹೇಳಿದ ಬೆಲೆ ಅನ್ಯಾಯದ್ದಲ್ಲ, ಆದರೆ ನಮ್ಮ ಕೈಗೆ ಎಟುಕುವಂಥದ್ದೂ ಅಲ್ಲ. "ಮನೇಲಿ ಕೇಳಿ ಹೇಳ್ತೀನಿ" ಎಂದೆ. ನಮ್ಮ ಕಡೆ ಸೀರೆ ಅಂಗಡಿಯಿಂದ ಹಿಡಿದು ಹೆಣ್ಣು ನೋಡುವ ಶಾಸ್ತ್ರದವರೆಗೆ ಎಲ್ಲೇ ಆಗಲಿ, ಹಾಗೆಂದರೆ ಬೇಡ ಎಂದೇ ಅರ್ಥ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಸಾಹೇಬರು ಮಾತ್ರ ಅದನ್ನು ಮಾತೆಂದೇ ಹಿಡಿದರು.

"ಕೇಳಿ ತಾಯಿ. ಶುಕ್ರವಾರದವರ್ಗೂ ಈ ಹೆಸ್ರು ನಿಮ್ದೇ ಅನ್ಕಳಿ. ಆಮೇಲೆ ಹೂಂ ಅನ್ನಿ, ಊಹೂಂ ಅನ್ನಿ, ಒಂದ್ ಮಾತು ತಿಳ್ಸಿ."

ಅವರು ಹಾಗೆ ನಂಬಿದ ಮೇಲೆ ನಾನು ಮನೆಯಲ್ಲಿ ನಿಜವಾಗಿ ಕೇಳಬೇಕಾಯಿತು. ಹೊಸ ಗ್ರೈಂಡರಿಗೆಂದು ಕೂಡಿಟ್ಟಿದ್ದನ್ನು ಮಂಗಳಾ ತಂದು ಮುಂದಿಟ್ಟಳು. "ಹಳೇ ಮಿಕ್ಸಿ ಇನ್ನೊಂದ್ ವರ್ಸ ಗರ್ ಅನ್ಲಿ ಬುಡು ಅತ್ಗೆ. ಹೆಸ್ರು ಕೈಬಿಟ್ರೆ ಮತ್ತೆ ಎಲ್ಲಿಂದ ತರಾದು?"

ಶುಕ್ರವಾರ ನಮಾಜಿನ ಹೊತ್ತು ಕಳೆದ ಮೇಲೆ ಅಂಗಡಿಗೆ ಹೋದರೆ ಸಾಹೇಬರು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು.

"ನೋಡಮ್ಮ ಇಲ್ಲಿ. ಬರ್ಬೇಡಿ ಅಂತವ್ನೆ. ನಾನೇನ್ ತಪ್ಪ್ ಮಾತಾಡ್ದೆ?"

ಓದಿದೆ. ಪೋಲೆಂಡಿನಲ್ಲಿ ಮರದ ಬೊಂಬೆ ಮಾಡುವ ಮಾರೆಕ್ ಎಂಬಾತ ಬುಧವಾರ ಬರೆದಿದ್ದ. ಕೇಳಲು ಚೆನ್ನಾಗಿದೆಯೆಂದು ನನ್ನ ಹೊಸ ಬೊಂಬೆಗೆ ಚಿಗಳಿ ಎಂದು ಹೆಸರಿಟ್ಟಿದ್ದೇನೆ, ಆ ವಿಳಾಸ ಬೇಕೇ ಬೇಕು ಎಂದಿದ್ದ. ಅದಕ್ಕೆ ಸಾಹೇಬರ ಉತ್ತರ ಹೀಗಿತ್ತು: ನಿಮಗಿಂತ ಮೊದಲು ಒಬ್ಬ ಹೆಣ್ಣುಮಗಳು ಕೇಳಿದ್ದಾರೆ, ಅವರು ಮನೆಯಲ್ಲಿ ವಿಚಾರಿಸುತ್ತಿದ್ದಾರೆ, ಶುಕ್ರವಾರದವರೆಗೆ ತಾಳಿಕೊಳ್ಳಿ, ಐ ವಿಲ್ ಕಮ್. ಆ ಪುಣ್ಯಾತ್ಮ ಹೆದರಿ ಮರುದಿನವೇ ಬರೆದಿದ್ದ: ದಯವಿಟ್ಟು ಬರಬೇಡಿ, ಏನಿದ್ದರೂ ಇಲ್ಲಿಂದಲೇ ಮಾತಾಡೋಣ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ನಾನು ನಕ್ಕು ನಕ್ಕು ಸುಸ್ತಾದೆ. ನಗುತ್ತಿರುವಾಗಲೇ ಹೊಳೆಯಿತು. ಅಷ್ಟು ದೂರದ ಕಂಪನಿಯವನು ಕೇಳುತ್ತಿದ್ದಾನೆ ಎಂದರೆ ನಮ್ಮ ಎಳ್ಳುಂಡೆಯ ಹೆಸರು ಹೋದಂತೆಯೇ.

"ಎಷ್ಟ್ ಕೊಡ್ತಾರಂತೆ ಸಾಹೇಬ್ರೆ?" ಎಂದೆ, ದನಿ ಗಟ್ಟಿಮಾಡಿಕೊಂಡು.

"ಅದು ಅವರ್ ಮಾತು. ನಿಮಗ್ಯಾಕೆ? ನೀವ್ ಮನೇಲಿ ಕೇಳಿದ್ರಾ?"

"ಕೇಳ್ದೆ. ಹೂಂ ಅಂದ್ರು."

"ಹಂಗಾದ್ರೆ ಆಯ್ತಲ್ಲ. ನಿಮಗ್ ಏನ್ ಹೇಳಿದ್ನೋ ಅಷ್ಟೇ."

ನನಗೆ ಅಳು ಬಂದುಬಿಟ್ಟಿತು. ಬುಧವಾರದಿಂದ ಶುಕ್ರವಾರದವರೆಗೆ ನನಗೊಂದು ಫೋನ್ ಮಾಡಿ, ಇನ್ನೊಬ್ಬರು ಕೇಳ್ತಿದಾರೆ, ಬೇಗ ಹೇಳಿ ಎಂದು ಅವರು ಹೆದರಿಸಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಕಣ್ಣೊರೆಸಿಕೊಂಡು ಅವರ ಪಕ್ಕ ಕೂತೆ. ಮಾರೆಕ್‌ಗೆ ಉತ್ತರ ಬರೆದೆವು. ಅವರು ಹೇಳಿದರು, ನಾನು ಇಂಗ್ಲಿಷ್ ಮಾಡಿದೆ: ಹೆಸರು ಆ ಹೆಣ್ಣುಮಗಳಿಗೆ ಹೋಯಿತು, ಬೇಜಾರಾಗಬೇಡಿ, ನಿಮ್ಮ ಬೊಂಬೆಗೆ ಒಪ್ಪುವ ಇನ್ನೆರಡು ಹೆಸರು ಕಳಿಸಿದ್ದೇನೆ. ನಾನು ನಿಮ್ಮ ಮನೆಗೆ ಬರುವುದಿಲ್ಲ. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನಬಾರದು, ಬರ್ತೀನಿ ಎನ್ನಬೇಕು. ನಮ್ಮ ಮನೆಯ ಉರ್ದುವಿನಲ್ಲೂ ಹಾಗೇ. ಉಳಿದವರು ಹೋಗಿ ಬನ್ನಿ ಎನ್ನಬೇಕು. ಇಷ್ಟನ್ನೂ ಬರೆಸಿ ಸಾಹೇಬರು ಕೊನೆಗೆ ಮತ್ತೆ "ಐ ವಿಲ್ ಕಮ್" ಎಂದೇ ಬರೆಸಿದರು.

ಆತ ಎರಡರಲ್ಲಿ ಒಂದು ಹೆಸರು ಕೊಂಡ. ಅಂದಿನಿಂದ ರಂಜಾನಿಗೆ ತಪ್ಪದೆ ಶುಭಾಶಯ ಕಳಿಸುತ್ತಿದ್ದ, ಸಾಹೇಬರು ಕ್ರಿಸ್ಮಸ್ಸಿಗೆ ಕಳಿಸುತ್ತಿದ್ದರು. ನಾನು ಎಳ್ಳು ತರಲು ತುಮಕೂರಿಗೆ ಹೋದಾಗಲೆಲ್ಲ ಅವರ ಮೇಲ್‌ಗಳನ್ನು ತಿದ್ದಿಕೊಡುತ್ತಿದ್ದೆ. ಕೊನೆಯಲ್ಲಿ ರಿಗಾರ್ಡ್ಸ್ ಅಂತ ಹಾಕೋಣ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. "ರಿಗಾರ್ಡ್ಸ್ ಅಂದ್ರೆ ಶಟರ್ ಎಳ್ದಂಗಮ್ಮ. ಬರ್ತೀನಿ ಅಂದ್ರೆ ಬಾಗ್ಲು ತೆಗ್ದಿರ್ತದೆ."

ಹೋದ ವರ್ಷ ಉಸಿರಾಟದ ತೊಂದರೆ ಜಾಸ್ತಿಯಾಗಿ ಕುಣಿಗಲ್ಲಿನಲ್ಲಿರುವ ಮಗಳು ನಸ್ರೀನಳ ಮನೆಗೆ ಹೋದರು. ಕಂಪ್ಯೂಟರನ್ನೂ ಜೊತೆಗೆ ಒಯ್ದರು. ನೋಡಲು ಹೋದಾಗ ನಮ್ಮ ಚಿಗಳಿಯನ್ನು ಚೂರು ಚೂರೇ ಬಾಯಿಗೆ ಹಾಕಿಕೊಂಡು, ಹೊಸ ಗ್ರೈಂಡರ್ ಬಂತಾ ಎಂದು ವಿಚಾರಿಸಿದರು. ಬಂತು, ಈಗ ನಾವಿಬ್ಬರೇ ಅಲ್ಲ, ಇನ್ನೂ ನಾಲ್ಕು ಹೆಂಗಸರು ಜೊತೆಗಿದ್ದಾರೆ ಎಂದೆ. ಹೊರಡುವಾಗ "ಬರ್ತೀನಿ ಸಾಹೇಬ್ರೆ" ಎಂದರೆ, ಬೇಡವೆಂದರೂ ಹಾಸಿಗೆಯಿಂದ ಅರ್ಧ ಎದ್ದರು. "ಹೋಗ್ಬನ್ನಿ ತಾಯಿ." ಅವರನ್ನು ನಾನು ಕಂಡದ್ದು ಅದೇ ಕೊನೆ.

ಅವರು ತೀರಿಕೊಂಡ ಕೆಲವು ದಿನಗಳ ನಂತರ ನಸ್ರೀನ್ ಫೋನ್ ಮಾಡಿದಳು. "ಅಕ್ಕಾ, ಅಬ್ಬಾಗೆ ಇನ್ನೂ ಮೇಲ್ ಬರ್ತಾನೇ ಇವೆ. ಏನ್ ಮಾಡ್ಲಿ? ಕ್ಲೋಸ್ ಮಾಡ್ಬಿಡ್ಲಾ?" ಮೊದಲು ಕೇಳಿದವರಿಗೆಲ್ಲ ಉತ್ತರ ಹೋಗಲಿ, ಆಮೇಲೆ ಯೋಚನೆ ಮಾಡೋಣ ಎಂದು ನಾನೇ ಕುಣಿಗಲ್ಲಿಗೆ ಹೋದೆ. ಇಬ್ಬರೂ ಕೂತು, ಕಾಯುತ್ತಿದ್ದವರಿಗೆಲ್ಲ ಬರೆದೆವು. ಸಾಹೇಬರು ತೀರಿಕೊಂಡರೆಂದು ಮಾರೆಕ್‌ಗೂ ಬರೆದೆವು. ಊಟ ಮುಗಿಸಿ ಬರುವಷ್ಟರಲ್ಲಿ ಅವನ ಉತ್ತರ ಬಂದಿತ್ತು. ಯಾರನ್ನು ಕೇಳಿ ಕಲಿತನೋ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದೇ ಸಾಲು: "ಹೋಗಿ ಬನ್ನಿ, ಸಾಹೇಬ್."

ನಸ್ರೀನ್ ಅದನ್ನು ಎರಡು ಸಲ ಓದಿ ಅತ್ತಳು. ಅಷ್ಟರಲ್ಲಿ ಇನ್ನೊಂದು ಮೇಲ್ ಬಂದ ಸದ್ದಾಯಿತು. ಯಾರೋ ಹೊಸಬರು ಯಾವುದೋ ಹೆಸರು ಕೇಳಿದ್ದರು. ಮೇಲ್ ಬಂದರೆ ಏಳುವ ಅಪ್ಪನ ಚಾಳಿಯನ್ನು ಆಡಿಕೊಂಡು ನಗುತ್ತಿದ್ದ ನಸ್ರೀನ್ ಕಣ್ಣೊರೆಸಿಕೊಂಡು, ದುಪಟ್ಟಾ ತಲೆಯ ಮೇಲೆ ಸರಿಮಾಡಿಕೊಂಡು, ಕುರ್ಚಿಯಿಂದ ಅರ್ಧ ಎದ್ದಳು.

"ಬನ್ನಿ, ಬನ್ನಿ," ಎಂದಳು.