ಒತ್ತುವ ಹಿಡಿ

ನಮ್ಮ ಭಾವನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕೆಲಸಕ್ಕೆ ಹತ್ತಿರವಾಗುತ್ತದೆಂದು ಅಕ್ಕನ ಮನೆಯ ಮಹಡಿ ಕೋಣೆಗೆ ಬಂದು ಸೇರಿದ ಮೇಲೆ ಆ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು. ಎದುರಿಗೆ ‘ನೀವು, ತಾವು’ ಅನ್ನುತ್ತೇನೆ. ಬರೆಯುವಾಗಲೂ ಆ ಮರ್ಯಾದೆ ಕೊಡಲು ಮನಸ್ಸಿಲ್ಲ. ಅಲ್ಲದೆ ಇದು ಅವನ ಕಥೆಯಲ್ಲ, ನಮ್ಮಕ್ಕನ ಕಥೆ.

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಹೊರಕೋಣೆಯ ಕಿಟಕಿಯ ಪಕ್ಕ ಅವಳ ಮಿಷನ್ನು, ಅದರ ಹಲಗೆಯ ಮೇಲೆ ಒಂದು ಭಾರದ ಕತ್ತರಿ. ಆ ಕತ್ತರಿಯ ಹಿಡಿಯ ಒಳಅಂಚು ಚೂಪಾಗಿತ್ತು. ದಪ್ಪ ಬಟ್ಟೆ ಕತ್ತರಿಸಿದ ದಿನ ಅವಳ ಹೆಬ್ಬೆರಳ ಬುಡ ಸುಲಿದು ಕೆಂಪಾಗಿರುತ್ತಿತ್ತು. ಚಿಂದಿ ಸುತ್ತಿಕೊಂಡು ಮತ್ತೆ ಕತ್ತರಿಸುತ್ತಿದ್ದಳು. “ಇದರ ಅಂಚು ಸ್ವಲ್ಪ ಉಜ್ಜಿ ಕೊಡ್ರೀ” ಎಂದು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. ಗಂಡ ಲೇತ್ ಕೆಲಸದವನು, ಕಬ್ಬಿಣ ಉಜ್ಜುವುದೇ ಅವನ ಕಸುಬು. “ನೋಡೋಣ” ಅನ್ನುತ್ತಿದ್ದ. ಮದುವೆಯಾದಾಗಿನಿಂದ ನೋಡುತ್ತಲೇ ಇದ್ದ.

ಮನೆಯ ಹಿಂದೆ ತಗಡಿನ ಶೆಡ್ಡು. ಅದರೊಳಗೆ ಅವನಪ್ಪನ ಕಾಲದ ಲೇತು, ಚರ್ಮದ ಬೆಲ್ಟಿನಿಂದ ತಿರುಗುವಂಥದ್ದು. ಶೆಡ್ಡಿನ ಒಂದು ಬಾಗಿಲು ನಮ್ಮ ಕಡೆಗೆ, ಇನ್ನೊಂದು ಪಕ್ಕದ ಮನೆಯ ಕಡೆಗೆ. ಪಕ್ಕದ ಮನೆ ಭಾವನ ತಮ್ಮನದು. ಅಪ್ಪ ಸತ್ತ ಮೇಲೆ ಮನೆ ಪಾಲಾಯಿತು, ಪಾತ್ರೆ ಪಗಡ ಪಾಲಾದವು, ಲೇತು ಮಾತ್ರ ಪಾಲಾಗಲಿಲ್ಲ. ಅರ್ಧ ಮಾಡಿದರೆ ಅದು ಬರೀ ಗುಜರಿ. “ಇದರ ಮೇಲೆ ದುಡಿದವನು ನಾನು” ಎಂದು ಅಣ್ಣ, “ಅಪ್ಪನದು, ನನಗೂ ಸೇರಬೇಕು” ಎಂದು ತಮ್ಮ. ಮಾತು ನಿಂತು ಬೈಗುಳ ಶುರುವಾಯಿತು. ಒಂದು ಬೆಳಿಗ್ಗೆ ಬೀದಿಯ ನಲ್ಲಿಯ ಹತ್ತಿರ ತಮ್ಮ ಎಲ್ಲರಿಗೂ ಕೇಳುವಂತೆ ಬಾಯಿ ಬಿಟ್ಟ.

“ಇವನ ಕೈಲಿ ಏನಾಗುತ್ತೆ? ಹೆಂಡ್ತಿ ಹೊಲಿದು ಹಾಕ್ತಾಳೆ, ಇವನು ಕೂತು ತಿಂತಾನೆ. ಲೇತನ್ನ ನಾನು ಎತ್ಕೊಂಡು ಹೋಗ್ತೀನಿ. ಅದೇನು ಕಿತ್ಕೋತಾನೋ ನೋಡ್ತೀನಿ.”

ಭಾವ ಒಳಗೆ ಬಂದು, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಎಳೆದುಕೊಂಡು ಕತ್ತಿ ಮಾಡಲು ಕೂತ. “ಬಾಗಿಲು ದಾಟಿ ಬರಲಿ. ಬಂದ ಕೈ ವಾಪಸ್ ಹೋಗಲ್ಲ” ಅಂದ.

ಬಾಯಿಬಡುಕನಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಮನುಷ್ಯ ಹೇಳುವುದು ಕಡಿಮೆ, ಹೇಳಿದ್ದನ್ನು ಮಾಡುವುದು ಖಂಡಿತ. ಅಕ್ಕನಿಗೆ ಅದು ಗೊತ್ತಿತ್ತು. ಅವಳು ಮದುವೆಯಾಗಿ ಬಂದಾಗ ಮೈದುನನಿಗೆ ಸ್ವಂತವಾಗಿ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ತಾಯಿಯಿಲ್ಲದ ಆ ಮಗುವಿಗೆ ತುತ್ತು ಮಾಡಿ ತಿನ್ನಿಸಿದವಳು ಇವಳೇ. ಈಗ ಒಬ್ಬ ಆಸ್ಪತ್ರೆಗೆ, ಇನ್ನೊಬ್ಬ ಜೈಲಿಗೆ ಹೋದರೆ ಎರಡೂ ಕಡೆಗೆ ಊಟದ ಡಬ್ಬಿ ಹಿಡಿದು ಅಲೆಯಬೇಕಾದವಳೂ ಇವಳೇ.

ಅಲಗು ಬೇಗ ತಯಾರಾಯಿತು. ಕಾಯಿಸಿ, ಬಡಿದು, ಅರದಿಂದ ಉಜ್ಜಿ ಹೊಳಪು ಬರಿಸಿದ. ಹಿಡಿಯೊಳಗೆ ಕೂರಲು ಹಿಂದೆ ಒಂದು ಮೋಟು ಬಾಲ ಬಿಟ್ಟ. ತೊಂದರೆ ಶುರುವಾದದ್ದು ಹಿಡಿಯಲ್ಲಿ. ಲೇತಿನಿಂದ ಬರುವ ಬಿಸಿ ಕಬ್ಬಿಣದ ಸುರುಳಿಗಳನ್ನು ಬರಿಗೈಯಲ್ಲಿ ಎಳೆದೂ ಎಳೆದೂ ಭಾವನ ಅಂಗೈ ಚಪ್ಪಲಿಯ ಅಟ್ಟೆಯಾಗಿದೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾನೆ. ಹಿಡಿ ಎಲ್ಲಿ ಒತ್ತುತ್ತದೆ, ಎಲ್ಲಿ ಕೊರೆಯುತ್ತದೆ ಎಂದು ಹೇಳುವ ಜೀವ ಆ ಕೈಯಲ್ಲಿಲ್ಲ. ಅದಕ್ಕೆ ಅಕ್ಕನ ಕೈ ಬೇಕಾಯಿತು.

“ಲೇ, ಇಲ್ಲಿ ಬಾ. ಹಿಡಿದು ನೋಡು. ಒತ್ತುತ್ತಾ?”

ಮೊದಲನೆಯ ಹಿಡಿಯನ್ನು ಅವನು ಲೇತಿನ ಮೇಲೆ ತಿರುಗಿಸಿದ್ದ. ಲೇತಿನವನಲ್ಲವೆ, ಉಳಿಯ ಹಿಡಿಯ ಹಾಗೆ ನುಣ್ಣಗೆ, ಗುಂಡಗೆ ಮಾಡಿದ್ದ. ಅಕ್ಕ ಹಿಡಿದು ಒಂದು ಸಲ ಬೀಸಿದಳು. ಕತ್ತಿ ಮುಷ್ಟಿಯೊಳಗೇ ಹೊರಳಿ ಅಲಗು ಅಡ್ಡವಾಯಿತು. “ಬಾಯಿ ಯಾವ ಕಡೆ ಇದೆ ಅಂತ ಕೈಗೆ ಗೊತ್ತಾಗಲ್ಲರೀ” ಅಂದಳು. ಅವನು ಅದನ್ನು ಕಿತ್ತೆಸೆದು, ಹಳೆಯ ಕಿಟಕಿ ಚೌಕಟ್ಟಿನ ಮರದಿಂದ ಎರಡು ಹೋಳಿನ, ಮೊಟ್ಟೆಯಾಕಾರದ ಹಿಡಿ ಕೆತ್ತಿದ. “ದಪ್ಪ ಆಯ್ತು, ಬೆರಳು ಕೂಡಲ್ಲ.” ಸಣ್ಣಗೆ ಮಾಡಿ ಸೈಕಲ್ಲಿನ ಟ್ಯೂಬು ಸುತ್ತಿದ. “ಬೆವರುತ್ತೆ, ಜಾರುತ್ತೆ.” ಟ್ಯೂಬು ಬಿಚ್ಚಿ ಹುರಿ ಸುತ್ತಿದ. “ಚರ್ಮ ಸುಲಿಯುತ್ತೆ.”

ನನಗೆ ಮೈಯೆಲ್ಲ ಉರಿಯಿತು. ಇವಳ ಕತ್ತರಿಗೆ ಒಂದು ಸಲ ಅರ ಆಡಿಸಲು ಬಿಡುವಿಲ್ಲದವನು ತಮ್ಮನನ್ನು ಕಡಿಯುವ ಕತ್ತಿಗೆ ಮೆತ್ತನೆಯ ಹಿಡಿ ಮಾಡುತ್ತಿದ್ದಾನೆ. ಇವಳು ಅದಕ್ಕೆ ಕೈಕೊಟ್ಟು ನಿಂತಿದ್ದಾಳೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ನಿನಗೇನು ಬುದ್ಧಿ ಗಿದ್ಧಿ ಇದೆಯೇನೇ? ಎಲ್ಲಿ ಸರಿಯಿಲ್ಲ ಅಂತ ಹೇಳಿಕೊಟ್ಟು ನೀನೇ ಅದನ್ನ ಸರಿ ಮಾಡಿಸ್ತಾ ಇದೀಯ.”

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಹಿಡಿ ಸರಿಯಿಲ್ಲದ ಉಳೀನ ಅವರು ಯಾವತ್ತಾದ್ರೂ ಕೈಯಲ್ಲಿ ಹಿಡಿದಿದ್ದು ನೋಡಿದೀಯಾ? ಸುತ್ತಿಗೆ ಅಲ್ಲಾಡಿದ್ರೆ ಅವತ್ತು ಕೆಲಸವೇ ಬಂದ್. ಎಲ್ಲೀವರೆಗೆ ಇದು ಒತ್ತುತ್ತೋ ಅಲ್ಲೀವರೆಗೆ ಅವರು ಇದನ್ನ ಎತ್ತಲ್ಲ. ಅದಕ್ಕೇ ಒತ್ತುತ್ತೆ ಅಂತೀನಿ.”

ಇಷ್ಟು ವರ್ಷ ಅವಳನ್ನು ಬಾಯಿಲ್ಲದವಳು ಅಂದುಕೊಂಡಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಅಂದಿನಿಂದ ನಾನೂ ಶೆಡ್ಡಿನ ಬಾಗಿಲಲ್ಲಿ ನಿಂತು ಈ ನಾಟಕ ನೋಡತೊಡಗಿದೆ. ಅವಳು ಹೇಳುವ ತಪ್ಪುಗಳೆಲ್ಲ ನಿಜವಾದ ತಪ್ಪುಗಳೇ ಆಗಬೇಕಿತ್ತು. ಸುಳ್ಳು ಹೇಳಿದರೆ ಅವನು ಹಿಡಿದುಬಿಡುತ್ತಿದ್ದ. ಹೆಬ್ಬೆರಳ ಹತ್ತಿರ ಏಣು ಅಂದಳು, ಅವನು ಇಳಿಸಿದ. ಅಂಗೈ ನಡುವೆ ಟೊಳ್ಳು ಅಂದಳು, ತುಂಬಿಸಿದ. ಅವಳ ಬೆರಳುಗಳ ಸುತ್ತ ಪೆನ್ಸಿಲಿನಿಂದ ಗೀಟು ಹಾಕಿ, ಒಂದೊಂದು ಬೆರಳಿಗೂ ಒಂದೊಂದು ತಗ್ಗು ಕೊರೆದ. ಗೋಡೆಯಾಚೆಯಿಂದ ತಮ್ಮನ ಕೊಂಕು ಬರುತ್ತಿತ್ತು. “ಅಣ್ಣಾ, ಕತ್ತಿಗೆ ತೊಟ್ಟಿಲು ಕಟ್ತಾ ಇದೀಯೋ ಹೇಗೆ?” ಅದನ್ನು ಕೇಳಿದಾಗಲೆಲ್ಲ ಭಾವನ ಅರ ಇನ್ನಷ್ಟು ಜೋರಾಗಿ ಕಿರುಗುಟ್ಟುತ್ತಿತ್ತು.

ಹೀಗೆ ಹೇಳಿ ಹೇಳಿ, ತಪ್ಪುಗಳೇ ಮುಗಿದುಹೋದವು.

ಆ ಸಂಜೆ ಅಕ್ಕ ಕತ್ತಿ ಹಿಡಿದಾಗ ಅವಳ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಅವಳು ಮಾತಿಗೆ ತಡಕಾಡಿದಳು. “ಕಿರುಬೆರಳ ಹತ್ತಿರ... ಸ್ವಲ್ಪ ಒತ್ತುತ್ತೆ.”

“ಸುಳ್ಳು” ಅಂದ ಭಾವ. “ಒತ್ತಿದ್ರೆ ಗೆಣ್ಣು ಬೆಳ್ಳಗಾಗುತ್ತೆ. ನಿನ್ನ ಗೆಣ್ಣು ನೋಡ್ಕೋ.”

ಅವನು ಕತ್ತಿ ಇಸಿದುಕೊಂಡು, ಹಿಡಿಯ ಎರಡು ಹೋಳುಗಳನ್ನೂ ಅಲಗಿನ ಬಾಲಕ್ಕೆ ಅಂಟು ಹಚ್ಚಿ, ಮೊಳೆ ಬಡಿದು ಕೂರಿಸಿದ. ಅಂಟು ಒಣಗಲೆಂದು ಗೋಡೆಗೆ ನೇತುಹಾಕಿದ. ಅಕ್ಕ ಒಳಗೆ ಬಂದು ಮಿಷನ್ನಿನ ಮುಂದೆ ಕೂತಳು, ಹೊಲಿಯಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಶೆಡ್ಡಿನ ಆಚೆ ಬಾಗಿಲು ದಡಾರನೆ ತೆರೆದ ಸದ್ದಾಯಿತು. ಮೂವರೂ ಓಡಿದೆವು. ತಮ್ಮ ಇಬ್ಬರು ಕೂಲಿಯವರನ್ನು ಕರೆತಂದಿದ್ದ. ಲೇತನ್ನು ಮೀಟಿ ಎಬ್ಬಿಸಲು ಅವನ ಕೈಯಲ್ಲಿ ಹಾರೆ ಇತ್ತು. ಭಾವ ಒಂದೇ ನೆಗೆತಕ್ಕೆ ಹೋಗಿ ಗೋಡೆಯಿಂದ ಕತ್ತಿ ಸೆಳೆದುಕೊಂಡ. ಅಕ್ಕ ಕಿರುಚಿದಳು.

ಅವನು ಕತ್ತಿ ಎತ್ತಿದ. ಆಗ ಕಂಡಿತು. ಅವನ ಕಿರುಬೆರಳಿಗೆ ಹಿಡಿಯ ಮೇಲೆ ಜಾಗವೇ ಇರಲಿಲ್ಲ, ಅದು ಹೊರಗೆ ನೇತಾಡುತ್ತಿತ್ತು. ಮಿಕ್ಕ ಬೆರಳುಗಳು ತಗ್ಗಿನಲ್ಲಿ ಕೂರದೆ ಏಣುಗಳ ಮೇಲೆ ಹತ್ತಿ ಕೂತಿದ್ದವು. ತಗ್ಗೆಲ್ಲ ಅಕ್ಕನ ಸಣ್ಣ ಬೆರಳಿನ ಅಳತೆಯವು! ಇಷ್ಟು ದಿನ ಅದು ಅವನಿಗೆ ಹೊಳೆದಿರಲಿಲ್ಲ, ಅಕ್ಕನಿಗೂ ಇಲ್ಲ, ನನಗೂ ಇಲ್ಲ. ಬೀಸಿದ ರಭಸಕ್ಕೆ ಕತ್ತಿ ಕೈಯಿಂದ ಜಾರಿ, ಲೇತಿಗೆ ಠಣ್ಣನೆ ಬಡಿದು, ಅವನದೇ ಪಾದದ ಪಕ್ಕ ಬಿತ್ತು.

ಕೂಲಿಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ತಮ್ಮ ಮಾತ್ರ ನಗಲಿಲ್ಲ. ಅಲಗು ಎಷ್ಟು ಹತ್ತಿರ ಬಂದಿತ್ತೆಂದು ಅವನು ನೋಡಿದ್ದ. ಹಲ್ಲು ಕಚ್ಚಿ ಹಾರೆ ಎತ್ತಿದ.

ಅಷ್ಟರಲ್ಲಿ ಅಕ್ಕ ಬಗ್ಗಿ ಕತ್ತಿ ಎತ್ತಿಕೊಂಡಳು. ಹುಟ್ಟಿದಾಗಿನಿಂದ ಅದನ್ನೇ ಹಿಡಿದವಳ ಹಾಗೆ ಇಬ್ಬರ ನಡುವೆ ನಿಂತಳು.

“ಹಾರೆ ಕೆಳಗಿಡೋ.”

“ಅತ್ತಿಗೆ, ನೀವು ಪಕ್ಕಕ್ಕೆ ಹೋಗಿ...”

“ಇಡು ಅಂದೆ. ನಿನಗೆ ತುತ್ತು ತಿನ್ನಿಸಿದ ಕೈ ಇದು. ಇದೇ ಕೈ ಅಳತೆ ತಗೊಂಡು ನಿಮ್ಮಣ್ಣ ನಿನ್ನ ಕಡಿಯೋಕೆ ಕತ್ತಿ ಮಾಡಿದಾರೆ. ಎಂಥಾ ಮನೆಗೆ ಬಂದು ಬಿದ್ದೆನಪ್ಪಾ ನಾನು!”

ಹಾರೆ ಮೆಲ್ಲಗೆ ಕೆಳಗಿಳಿಯಿತು. ಅಕ್ಕ ತಿರುಗಿ, ಕತ್ತಿಯನ್ನು ತಲೆಯ ಮೇಲಕ್ಕೆತ್ತಿ ಲೇತಿನ ಬೆಲ್ಟಿನ ಮೇಲೆ ಇಳಿಸಿದಳು. ಬಿಗಿದಿದ್ದ ಚರ್ಮ ಒಂದೇ ಏಟಿಗೆ ತುಂಡಾಗಿ, ಚಕ್ರದಿಂದ ಹಾರಿ ಮೂಲೆಗೆ ಬಿತ್ತು.

“ಈಗ ಯಾರಿಗೆ ಬೇಕೋ ತಗೊಳ್ಳಿ” ಅಂದಳು.

ಕೂಲಿಯವರು ಎಲ್ಲರಿಗಿಂತ ಮೊದಲು ಜಾಗ ಖಾಲಿ ಮಾಡಿದರು. ತಮ್ಮ ತನ್ನ ಕಡೆಯ ಬಾಗಿಲಿಗೆ ಚಿಲಕ ಜಡಿದುಕೊಂಡ.

ಇದಾದ ಮೇಲೆ ಅಣ್ಣತಮ್ಮಂದಿರು ಒಂದಾದರು ಅಂದುಕೊಂಡಿದ್ದರೆ ಅದು ನಿಮ್ಮ ಒಳ್ಳೆಯತನ. ಇಬ್ಬರೂ ಇವತ್ತಿಗೂ ಎದುರಾದರೆ ಉಗುಳಿ ಮುಂದೆ ಹೋಗುತ್ತಾರೆ. ಅವರ ಸಾಲಿಗೆ ಈಗ ಅಕ್ಕನೂ ಸೇರಿದ್ದಾಳೆ. ಗಂಡನ ತಟ್ಟೆಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಕತ್ತಿ ಅವಳ ಮಿಷನ್ನಿನ ಕೆಳಗೆ, ಚಿಂದಿ ಬುಟ್ಟಿಯ ಹಿಂದೆ ಇದೆ. ಭಾವ ಒಂದು ಸಲ ಅದಕ್ಕೆ ಕೈ ಚಾಚಿದಾಗ ಅಕ್ಕ ಬುಟ್ಟಿಯನ್ನು ಕಾಲಿನಿಂದ ಅಡ್ಡ ತಳ್ಳಿದಳು, ಅಷ್ಟೆ.

ಮೊನ್ನೆ ಬೆಲ್ಟಿಲ್ಲದ ಲೇತಿನ ಮುಂದೆ ಅವನು ಸುಮ್ಮನೆ ಕೂತಿದ್ದಾಗ ಅಕ್ಕ ಹೋಗಿ ಅವನ ಮಡಿಲಿಗೆ ತನ್ನ ಕತ್ತರಿ ಎಸೆದು ಬಂದಳು. ಅವನು ಆ ದಿನವೆಲ್ಲ ಅದರ ಅಂಚು ಉಜ್ಜಿದ. ಒಳಗೆ ಹಳೆಯ ಚರ್ಮದ ಬೆಲ್ಟಿನ ತುಂಡನ್ನೇ ತೆಳ್ಳಗೆ ಮಾಡಿ ಸುತ್ತಿದ. ಸಂಜೆ ತಂದು ಅವಳ ಮುಂದೆ ಹಿಡಿದ.

“ಒತ್ತುತ್ತಾ?”

ಅಕ್ಕ ಬೆರಳು ತೂರಿಸಿ ದಪ್ಪ ಬಟ್ಟೆಯೊಂದನ್ನು ಉದ್ದಕ್ಕೆ ಕತ್ತರಿಸಿದಳು. ಕತ್ತರಿ ಸರಾಗವಾಗಿ ಓಡಿತು. ಅವಳ ಗೆಣ್ಣು ಬೆಳ್ಳಗಾಗಿರಲಿಲ್ಲ. ನಾನು ನೋಡಿದೆ. ಅವನೂ ನೋಡಿದ.

“ಒತ್ತುತ್ತೆ” ಅಂದಳು.

ಭಾವ ಕತ್ತರಿಯನ್ನು ತೆಗೆದುಕೊಂಡು ಮತ್ತೆ ಶೆಡ್ಡಿಗೆ ಹೋದ.